ಮಾರ್ಕ್‌ಹ್ಯಾಮ್ ಗಣಿಯ ಬ್ರೇಕ್ ರಾಡ್: 1973ರ ಕೇಜ್ ದುರಂತದ ಪ್ರಕರಣ ಅಧ್ಯಯನ

2 ಇಂಚು ದಪ್ಪ, ಹತ್ತಿರ ಹತ್ತಿರ 9 ಅಡಿ ಉದ್ದದ ಒಂದು ಉಕ್ಕಿನ ರಾಡ್. ತೂಕ ಲೆಕ್ಕ ಹಾಕಿದರೆ 43 ಕೆಜಿ ಆಸುಪಾಸು ಬರುತ್ತದೆ. ಇಬ್ಬರು ಹಿಡಿದು ಎತ್ತಬೇಕಾದ ಸಾಮಾನು. ಇಷ್ಟು ದಪ್ಪದ ಉಕ್ಕು ಮುರಿಯುತ್ತದೆ ಅಂದರೆ ಯಾರಿಗೂ ತಕ್ಷಣ ನಂಬಿಕೆ ಬರುವುದಿಲ್ಲ. 1973ರ ಜುಲೈ 30ರಂದು, ಸೋಮವಾರ ಬೆಳಗ್ಗೆ, ಇಂಗ್ಲೆಂಡಿನ ಡರ್ಬಿಶೈರ್‌ನ ಮಾರ್ಕ್‌ಹ್ಯಾಮ್ ಕಲ್ಲಿದ್ದಲು ಗಣಿಯಲ್ಲಿ ಅಂಥದ್ದೊಂದು ರಾಡ್ ಮುರಿಯಿತು. ಆ ಹೊತ್ತಿಗೆ 29 ಜನ ಕೇಜಿನಲ್ಲಿ, ಅಂದರೆ ಗಣಿಗೆ ಇಳಿಸುವ ಲಿಫ್ಟಿನಂಥ ಪೆಟ್ಟಿಗೆಯಲ್ಲಿ, ಕೆಳಗೆ ಇಳಿಯುತ್ತಿದ್ದರು. 18 ಜನ ತೀರಿಕೊಂಡರು. ಉಳಿದ 11 ಜನರಿಗೂ ಭಾರಿ ಪೆಟ್ಟು.

ನಾನು ಮೇಂಟೆನೆನ್ಸ್ ಕೆಲಸದವನು. ಕ್ರೇನು, ಹಾಯ್ಸ್ಟು, ಕನ್ವೇಯರ್ ಇವುಗಳ ನಡುವೆಯೇ ಇಷ್ಟು ವರ್ಷ ಕಳೆದಿದ್ದೇನೆ. ಬ್ರೇಕ್ ಫೇಲ್ ಆಗಿ ಜನ ಸತ್ತ ಪ್ರಕರಣಗಳನ್ನು ಓದುವಾಗ ಸಾಮಾನ್ಯವಾಗಿ ಒಂದು ಎಡವಟ್ಟು ಸಿಗುತ್ತದೆ. ಯಾರೋ ಕುಡಿದಿದ್ದರು, ಯಾರೋ ಸವೆದ ಬ್ರೇಕ್ ಲೈನಿಂಗ್ ಬದಲಿಸಲಿಲ್ಲ, ಯಾರೋ ಜಾಸ್ತಿ ಭಾರ ಹೇರಿದರು. ಮಾರ್ಕ್‌ಹ್ಯಾಮ್ ಹಾಗಲ್ಲ. ಅಲ್ಲಿ ಎಂಜಿನ್ ನಡೆಸುತ್ತಿದ್ದವನು ಮಾಡಬೇಕಾದ್ದನ್ನೆಲ್ಲ ಮಾಡಿದ. ಸುರಕ್ಷತೆಗೆ ಅಂತ ಇದ್ದ ಸಾಧನಗಳೂ ಬೇಕಾದಷ್ಟಿದ್ದವು. ಆದರೂ ಕೇಜ್ ನಿಲ್ಲಲಿಲ್ಲ. ಅದಕ್ಕೇ ಈ ಪ್ರಕರಣವನ್ನು ಬಿಡಿಸಿ ನೋಡಬೇಕು ಅನ್ನಿಸಿತು.

ವೈಂಡರ್ ಅಂದರೆ ಏನು

ಆಳದ ಗಣಿಗೆ ಇಳಿಯೋದು ಶಾಫ್ಟ್ ಮೂಲಕ. ಅದೊಂದು ನೇರ ಬಾವಿ. ಮಾರ್ಕ್‌ಹ್ಯಾಮ್‌ನ 3ನೇ ಶಾಫ್ಟ್ ಸುಮಾರು 400 ಮೀಟರ್ ಆಳ. ಕುತುಬ್ ಮಿನಾರನ್ನು ಒಂದರ ಮೇಲೊಂದು 5 ಸಲ ನಿಲ್ಲಿಸಿದರೂ ಇನ್ನೂ ಜಾಗ ಉಳಿಯುವಷ್ಟು ಆಳ ಅಂದುಕೊಳ್ಳಿ.

ಹಳ್ಳಿಯ ಬಾವಿ ನೋಡಿದವರಿಗೆ ಇದರ ಲೆಕ್ಕ ಸುಲಭ. ರಾಟೆಗೆ ಹಾಕಿದ ಹಗ್ಗದ ಎರಡು ತುದಿಗೂ ಒಂದೊಂದು ಕೊಡ ಕಟ್ಟಿದರೆ, ಒಂದು ಇಳಿಯುವಾಗ ಇನ್ನೊಂದು ಏರುತ್ತದೆ. ಖಾಲಿ ಕೊಡದ ತೂಕ ಖಾಲಿ ಕೊಡಕ್ಕೆ ಸರಿಹೋಗುತ್ತದೆ. ಎಳೆಯುವವರಿಗೆ ಶ್ರಮ ಕಡಿಮೆ. ಗಣಿಯ ಕೇಜುಗಳೂ ಹೀಗೇ ಜೋಡಿ. ನೆಲದ ಮೇಲೆ ಒಂದು ಎಂಜಿನ್ ಮನೆ. ಅದರಲ್ಲಿ ಒಂದು ಭಾರಿ ಡ್ರಮ್, ಅದನ್ನು ತಿರುಗಿಸಲು ವಿದ್ಯುತ್ ಮೋಟಾರ್. ಡ್ರಮ್ಮಿನಿಂದ ಹೊರಟ ಉಕ್ಕಿನ ಹಗ್ಗಗಳು ಶಾಫ್ಟಿನ ನೆತ್ತಿಯ ಎತ್ತರದ ಚೌಕಟ್ಟಿನಲ್ಲಿರುವ ರಾಟೆಗಳ ಮೇಲೆ ಹಾದು ಕೆಳಗಿಳಿಯುತ್ತವೆ. ಒಂದು ಹಗ್ಗ ಬಿಚ್ಚಿಕೊಳ್ಳುತ್ತಿದ್ದರೆ ಇನ್ನೊಂದು ಸುತ್ತಿಕೊಳ್ಳುತ್ತಿರುತ್ತದೆ. ಈ ಇಡೀ ಏರ್ಪಾಡಿಗೆ ವೈಂಡರ್ ಅನ್ನುತ್ತಾರೆ. ಅದನ್ನು ನಡೆಸುವವನು ವೈಂಡಿಂಗ್ ಎಂಜಿನ್ ಡ್ರೈವರ್.

ಬಾವಿಯಲ್ಲಿ ಕೊಡ ಕೈತಪ್ಪಿದರೆ ಕೊಡ ಹೋಯಿತು, ಅಷ್ಟೆ. ಇಲ್ಲಿ ಆ ಕೈಯ ಜಾಗದಲ್ಲಿ ಇರೋದು ಬ್ರೇಕು.

ಡ್ರಮ್ಮಿನ ಅಂಚಿಗೆ ಬ್ರೇಕ್ ಶೂಗಳು ಎರಡೂ ಬದಿಯಿಂದ ಒತ್ತುತ್ತವೆ. ಒತ್ತುವ ಬಲ ಬರುವುದು ದಪ್ಪ ಸ್ಪ್ರಿಂಗ್‌ಗಳ ಗೊಂಚಲಿನಿಂದ. ಸ್ಪ್ರಿಂಗ್‌ಗಳು ಯಾವಾಗಲೂ ಬ್ರೇಕ್ ಹಾಕುವ ಕಡೆಗೇ ತಳ್ಳುತ್ತಿರುತ್ತವೆ. ಒತ್ತಡ ಕೊಟ್ಟು ಅವುಗಳನ್ನು ಹಿಂದಕ್ಕೆ ಹಿಡಿದರೆ ಮಾತ್ರ ಬ್ರೇಕ್ ಬಿಡುತ್ತದೆ. ಕರೆಂಟ್ ಹೋಗಲಿ, ಒತ್ತಡ ಸೋರಲಿ, ಸ್ಪ್ರಿಂಗ್ ತಾನಾಗೇ ಬ್ರೇಕ್ ಹಾಕಬೇಕು. ನಮ್ಮ ಲಾರಿ, ಟಿಪ್ಪರ್‌ಗಳ ಪಾರ್ಕಿಂಗ್ ಬ್ರೇಕೂ ಇದೇ ಬಗೆಯದು. ಗಾಳಿ ಖಾಲಿಯಾದರೆ ಚಕ್ರ ಹಿಡಿದುಕೊಳ್ಳುತ್ತದೆ. ಕೆಟ್ಟರೂ ಸುರಕ್ಷಿತ ಬದಿಗೇ ಕೆಡಬೇಕು ಅನ್ನೋದು ಅದರ ಹಿಂದಿನ ವಿಚಾರ. ಒಳ್ಳೆಯ ವಿಚಾರವೇ.

ಆದರೆ ಸ್ಪ್ರಿಂಗಿನ ಬಲ ಬ್ರೇಕ್ ಶೂವಿಗೆ ತಲುಪಬೇಕಲ್ವಾ? ಮಾರ್ಕ್‌ಹ್ಯಾಮ್‌ನಲ್ಲಿ ಅದನ್ನು ತಲುಪಿಸುತ್ತಿದ್ದದ್ದು ಆ ಗೊಂಚಲಿನ ನಡುವೆ ಹಾದುಹೋಗುವ ಒಂದೇ ಒಂದು ರಾಡ್. ಶೂಗಳು ಜೋಡಿ, ಸ್ಪ್ರಿಂಗ್ ಹಲವು, ರಾಡ್ ಮಾತ್ರ ಒಂದು. ಎರಡೂ ಬದಿಯ ಶೂಗಳಿಗೆ ಬಲ ಹೋಗಬೇಕಾದರೆ ಅದರ ಮೂಲಕವೇ ಹೋಗಬೇಕು.

ಆ ಕೆಲವು ಕ್ಷಣಗಳು

ಬೆಳಗ್ಗೆ 6 ಗಂಟೆ ದಾಟಿತ್ತು. ಹಗಲು ಪಾಳಿಯವರು ಇಳಿಯುವ ಹೊತ್ತು. ಎರಡು ಅಂತಸ್ತಿನ ಕೇಜಿಗೆ 29 ಜನ ಹತ್ತಿದರು. ಬಾಗಿಲು ಹಾಕಿದರು, ಸಂಕೇತ ಕೊಟ್ಟರು, ಡ್ರಮ್ ತಿರುಗಿತು. ಅವರಿಗೆ ಇದು ದಿನಾ ಇದ್ದದ್ದೇ, ನಾವು ಬಸ್ ಹತ್ತಿದ ಹಾಗೆ.

ಡ್ರೈವರ್ ಕೂತಿರುವುದು ಎಂಜಿನ್ ಮನೆಯಲ್ಲಿ. ಅವನಿಗೆ ಕೇಜ್ ಕಾಣಿಸುವುದಿಲ್ಲ. ಕೇಜ್ ಎಲ್ಲಿದೆ ಅನ್ನುವುದನ್ನು ಸೂಚಕದ ಮುಳ್ಳು ನೋಡಿ ತಿಳಿಯಬೇಕು. ಅರ್ಧ ದಾರಿ ಕಳೆದ ಮೇಲೆ ವೇಗ ಇಳಿಸಲು ಶುರು ಮಾಡುತ್ತಾನೆ. ಅವತ್ತೂ ಹಾಗೇ ಮಾಡಿದ. ಆಗ ಬ್ರೇಕಿನ ಸಿಲಿಂಡರ್ ಕೆಳಗೆ ಕಿಡಿ ಹಾರಿದ್ದು ಕಂಡಿತು. ಢಮ್ ಅನ್ನೋ ಸದ್ದು ಕೇಳಿತು. ಬ್ರೇಕ್ ಲಿವರನ್ನು ಪೂರ್ತಿ ಎಳೆದ. ಏನೂ ಆಗಲಿಲ್ಲ. ತುರ್ತು ನಿಲುಗಡೆಯ ಬಟನ್ ಒತ್ತಿದ. ಆಗಲೂ ಡ್ರಮ್ ನಿಲ್ಲಲಿಲ್ಲ.

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಇಡೀ ಪ್ರಕರಣದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಭಾಗ ಇದೇ.

ವೈಂಡರಿನ ಮೋಟಾರ್ ಕೇಜನ್ನು ಎತ್ತುವುದಕ್ಕಷ್ಟೇ ಇರುವುದಲ್ಲ. ಭಾರ ತಾನಾಗಿ ಇಳಿಯುವಾಗ ಅದನ್ನು ತಡೆದು ಹಿಡಿಯುವ ಶಕ್ತಿಯೂ ಮೋಟಾರಿಗಿದೆ. ಘಾಟಿ ಇಳಿಯುವಾಗ ಲಾರಿ ಡ್ರೈವರ್ ಗೇರ್ ಕೆಳಗಿಟ್ಟು ಎಂಜಿನ್ನಿನಲ್ಲೇ ಗಾಡಿ ಹಿಡಿಯುತ್ತಾನಲ್ಲ, ಹಾಗೆ. ದಿನನಿತ್ಯದ ನಿಧಾನಿಸುವ ಕೆಲಸದಲ್ಲಿ ಈ ವಿದ್ಯುತ್ ತಡೆಗೂ ಪಾಲಿರುತ್ತದೆ. ಆದರೆ ಆ ತುರ್ತು ಬಟನ್ನಿನ ಕೆಲಸ ಏನು? ಮೋಟಾರಿಗೆ ಹೋಗುವ ವಿದ್ಯುತ್ ಕಡಿಯೋದು, ಮೆಕ್ಯಾನಿಕಲ್ ಬ್ರೇಕ್ ಹಾಕೋದು. ಬ್ರೇಕ್ ಸರಿಯಿದ್ದರೆ ಇದರಲ್ಲಿ ತಪ್ಪೇನೂ ಇಲ್ಲ. ಬ್ರೇಕಿನ ರಾಡ್ ಮುರಿದು ಬಿದ್ದಿರುವಾಗ ಬಟನ್ ಒತ್ತಿದರೆ ಉಳಿದಿದ್ದ ಒಂದು ಹಿಡಿತವೂ ಹೋಗುತ್ತದೆ. ಗೇರಿನಲ್ಲಿದ್ದ ಲಾರಿಯನ್ನು ನ್ಯೂಟ್ರಲ್‌ಗೆ ತಂದ ಹಾಗೆ.

ಡ್ರೈವರಿಗೆ ಕಲಿಸಿದ್ದೇ ಬಟನ್ ಒತ್ತು ಅಂತ. ಅವನ ಜಾಗದಲ್ಲಿ ನೀವಿದ್ದರೂ, ನಾನಿದ್ದರೂ ಅದನ್ನೇ ಒತ್ತುತ್ತಿದ್ದೆವು.

ಆಮೇಲೆ ಕೇಜಿನ ಕೈ ಹಿಡಿಯುವವರು ಯಾರೂ ಇರಲಿಲ್ಲ. 29 ಜನ ಅಂದರೆ ತಲಾ 75 ಕೆಜಿ ಹಿಡಿದರೂ 2 ಟನ್ನಿಗಿಂತ ಜಾಸ್ತಿ ತೂಕ. ಇದರ ಜೊತೆಗೆ ಕೇಜ್ ಕೆಳಗೆ ಹೋದಷ್ಟೂ ಆ ಬದಿಯ ಹಗ್ಗ ಉದ್ದವಾಗುತ್ತದೆ, ಇನ್ನೊಂದು ಬದಿಯದು ಮೋಟಾಗುತ್ತದೆ. ಉಕ್ಕಿನ ಹಗ್ಗದ ತೂಕವೇನು ಸಣ್ಣದಲ್ಲ. ಅರ್ಧ ದಾರಿ ದಾಟಿದ ಮೇಲೆ ಹಗ್ಗದ ತೂಕವೂ ಇಳಿಯುವ ಕೇಜಿನ ಕಡೆಗೇ ಸೇರುತ್ತದೆ. ಆ ಕೇಜ್ ಶಾಫ್ಟಿನ ತಳಕ್ಕೆ ಅಪ್ಪಳಿಸಿತು. ಏರುತ್ತಿದ್ದ ಕೇಜ್ ನೆಲಮಟ್ಟ ದಾಟಿ ನೆತ್ತಿಯ ಚೌಕಟ್ಟಿನವರೆಗೆ ಹೋಯಿತು. ಸತ್ತವರು, ಗಾಯಗೊಂಡವರು ಎಲ್ಲರೂ ಇಳಿಯುತ್ತಿದ್ದ ಕೇಜಿನವರೇ.

ಇದನ್ನು ಓದುವಾಗ ಒಂದು ಪ್ರಶ್ನೆ ಬರುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ವೇಗ ಮಿತಿ ಮೀರಿದರೆ ಪಕ್ಕದ ಹಳಿಯನ್ನೇ ಕಚ್ಚಿ ಹಿಡಿಯುವ ಸಾಧನ ಇರುತ್ತದೆ. ಇಲ್ಲಿ ಅಂಥದ್ದು ಇರಲಿಲ್ವಾ? ಇರಲಿಲ್ಲ. ಕೇಜನ್ನು ನಿಲ್ಲಿಸುವ ಕೆಲಸವನ್ನೆಲ್ಲ ಮೇಲಿನ ಎಂಜಿನ್ ಮನೆಗೇ ಬಿಟ್ಟಿದ್ದರು. ಗಣಿಗಳಲ್ಲಿ ಒಂದು ಬಗೆಯ ಕೊಕ್ಕೆ ಇರುತ್ತದೆ. ಕೇಜ್ ಮಿತಿ ಮೀರಿ ಮೇಲೆ ಹೋದರೆ ಅದು ಹಗ್ಗದಿಂದ ಕಳಚಿಕೊಂಡು ಕೇಜನ್ನು ಚೌಕಟ್ಟಿಗೆ ನೇತುಹಾಕುತ್ತದೆ. ಅದು ಕಾಪಾಡುವುದು ಮೇಲೆ ಬರುವವರನ್ನು. ಅದೇ ಹೊತ್ತಿಗೆ ತಳಕ್ಕೆ ಧಾವಿಸುತ್ತಿರುವ ಇನ್ನೊಂದು ಕೇಜಿಗೆ ಅದರಿಂದ ಏನೂ ಉಪಯೋಗವಿಲ್ಲ.

ವೇಗ ಮಿತಿ ಮೀರಿದರೆ ತಾನಾಗಿ ಎಂಜಿನ್ ನಿಲ್ಲಿಸುವ ನಿಯಂತ್ರಕವೂ ವೈಂಡರಿನಲ್ಲಿ ಇರುತ್ತದೆ. ಅದು ಮಾಡುವುದೂ ಇದೇ: ವಿದ್ಯುತ್ ಕಡಿ, ಬ್ರೇಕ್ ಹಾಕು. ಡ್ರೈವರ್ ಕೈಯ ಲಿವರ್, ಕೆಂಪು ಬಟನ್, ವೇಗದ ನಿಯಂತ್ರಕ. ಹೊರಗಿನಿಂದ ನೋಡಿದವರಿಗೆ ಮೂರು ಕಾವಲು. ಒಳಗೆ ಹೋಗಿ ನೋಡಿದರೆ ಮೂರೂ ನೇತಾಡುತ್ತಿದ್ದದ್ದು ಒಂದೇ ರಾಡಿಗೆ.

ರಾಡ್ ಯಾಕೆ ಮುರಿಯಿತು

ತನಿಖೆ ನಡೆಸಿದವರು ಬ್ರಿಟನ್ನಿನ ಗಣಿಗಳ ಮುಖ್ಯ ಇನ್‌ಸ್ಪೆಕ್ಟರ್ ಆಗಿದ್ದ ಜೆ. ಡಬ್ಲ್ಯು. ಕಾಲ್ಡರ್. ವರದಿ 1974ರಲ್ಲಿ ಬಂತು. ರಾಡ್ ಮುರಿದದ್ದು ಅವತ್ತಿನ ಭಾರ ಜಾಸ್ತಿಯಾಗಿ ಅಲ್ಲ. ಲೋಹ ದಣಿದು ಮುರಿದಿತ್ತು. ಎಂಜಿನಿಯರುಗಳು ಇದಕ್ಕೆ ಫಟೀಗ್ ಅನ್ನುತ್ತಾರೆ.

ಒಂದು ಕಟ್ಟುತಂತಿ ತಗೊಳ್ಳಿ, ಬಾರ್‌ಬೆಂಡಿಂಗ್‌ನವರು ಕಂಬಿ ಬಿಗಿಯಲು ಬಳಸುವಂಥದ್ದು. ಎಳೆದು ಕೀಳೋದಕ್ಕೆ ಆಗುವುದಿಲ್ಲ, ಕೈ ಕುಯ್ಯುತ್ತದೆ. ಅದನ್ನೇ ಹಿಂದಕ್ಕೂ ಮುಂದಕ್ಕೂ ಹತ್ತು ಸಲ ಬಗ್ಗಿಸಿ. ಪಟ್ಟನೆ ತುಂಡಾಗುತ್ತದೆ. ಎಳೆತಕ್ಕೆ ತಡೆಯುವ ಉಕ್ಕು ಬಾಗಾಟಕ್ಕೆ ತಡೆಯಲಿಲ್ಲ. ದಪ್ಪ ರಾಡಿನಲ್ಲಿ ಆಗುವುದೂ ಇದರ ಅಣ್ಣತಮ್ಮನೇ. ಬಾಗುವುದು ಕಣ್ಣಿಗೆ ಕಾಣದಷ್ಟು. ಹತ್ತು ಸಲಕ್ಕೆ ಬದಲು ಸಾವಿರ ಸಾವಿರ ಸಲ ಬೇಕಾಗುತ್ತದೆ, ಅಷ್ಟೆ. ಮೊದಲು ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು. ಒಂದೊಂದು ಬಾಗಾಟಕ್ಕೂ ಅದು ಸ್ವಲ್ಪ ಸ್ವಲ್ಪ ಒಳಗೆ ಸರಿಯುತ್ತದೆ. ಕೊನೆಗೊಂದು ದಿನ ಗಟ್ಟಿ ಉಳಿದಿರುವ ಭಾಗ ದಿನದ ಭಾರಕ್ಕೂ ಸಾಲುವುದಿಲ್ಲ.

ಮಾರ್ಕ್‌ಹ್ಯಾಮ್‌ನ ರಾಡ್ ಬಾಗಲೇಬಾರದಿತ್ತು. ವಿನ್ಯಾಸದವರ ಲೆಕ್ಕದಲ್ಲಿ ಅದಕ್ಕೆ ಬರೀ ಎಳೆತ. ಅದಕ್ಕೆಂದೇ ರಾಡ್ ಬ್ರೇಕಿನ ಮುಖ್ಯ ಲಿವರಿಗೆ (ಡ್ರೈವರ್ ಕೈಯದಲ್ಲ, ಬಲವನ್ನು ಶೂಗಳ ಕಡೆಗೆ ದಾಟಿಸುವ ತೋಳು) ಸೇರುವ ಜಾಗದಲ್ಲಿ ಹೊರಳುವ ಬೇರಿಂಗ್ ಇಟ್ಟಿದ್ದರು. ಲಿವರ್ ಏರಿಳಿಯುವಾಗ ಆ ಕೀಲು ಸಲೀಸಾಗಿ ಹೊರಳಿದರೆ ರಾಡ್ ನೆಟ್ಟಗೇ ಇರುತ್ತದೆ. ಆದರೆ ಆ ಬೇರಿಂಗಿಗೆ ಎಣ್ಣೆ, ಗ್ರೀಸ್ ಸರಿಯಾಗಿ ಸೇರುತ್ತಿರಲಿಲ್ಲ. ಅದು ಒಣಗಿ ಬಿಗಿದುಕೊಂಡಿತು. ಕೀಲು ಹೊರಳದೆ ಹೋದಾಗ ಲಿವರ್ ಸುಮ್ಮನಿರುತ್ತದಾ? ರಾಡನ್ನೇ ಬಗ್ಗಿಸುತ್ತದೆ. ಬ್ರೇಕ್ ಹಾಕಿದಾಗ ಒಂದು ಸಲ, ಬಿಟ್ಟಾಗ ಒಂದು ಸಲ. ಒಂದು ಪಾಳಿಯಲ್ಲಿ ಎಷ್ಟು ಸಲ ಕೇಜ್ ಏರಿಳಿಯುತ್ತದೆ, ವರ್ಷಕ್ಕೆ ಎಷ್ಟು ಪಾಳಿ ಅಂತ ನೀವೇ ಲೆಕ್ಕ ಹಾಕಿ.

ಬಿರುಕು ಬೆಳೆಯುತ್ತಿದ್ದ ಜಾಗವಾದರೂ ಕಾಣುವಂತಿತ್ತಾ ಅಂದರೆ ಅದೂ ಇಲ್ಲ. ರಾಡ್ ಇರೋದು ಸ್ಪ್ರಿಂಗ್‌ಗಳ ನಡುವೆ. ಎಲ್ಲ ಬಿಚ್ಚಿ ಹೊರತೆಗೆದರೆ ಮಾತ್ರ ನೋಡಲು ಸಾಧ್ಯ. ಇನ್ನು ಬ್ರೇಕ್ ಹಿಡಿಯುತ್ತದಾ ಅಂತ ಪರೀಕ್ಷೆ ಮಾಡುವುದು ಒಂದು ಪದ್ಧತಿ. ಅರ್ಧ ಬಿರುಕು ಬಿಟ್ಟ ರಾಡೂ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಇವತ್ತು ಹಿಡಿಯಿತು ಅನ್ನೋದನ್ನಷ್ಟೇ ಅದು ಹೇಳಬಲ್ಲದು. ನನ್ನ ಕೆಲಸದಲ್ಲಿ ಇದನ್ನು ಅರ್ಥ ಮಾಡಿಸುವುದೇ ದೊಡ್ಡ ಕಷ್ಟ. "ಬ್ರೇಕ್ ಚೆಕ್ ಮಾಡಿದೀವಿ ಸಾರ್, ಹಿಡೀತಿದೆ" ಅಂತ ಹುಡುಗರು ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ನಾನು ಕೇಳಿದ್ದು ಪಿನ್ನು, ರಾಡು, ಕೀಲು ಹೇಗಿವೆ ಅಂತ. ಅದು ಬೇರೆ ಪ್ರಶ್ನೆ.

ಇನ್ನೊಂದು ಸಂಗತಿ ಇದೆ. ಇದೇ ಬಗೆಯ ರಾಡ್ 1961ರಲ್ಲಿ ನಾಟಿಂಗ್‌ಹ್ಯಾಮ್‌ಶೈರ್‌ನ ಓಲರ್ಟನ್ ಗಣಿಯಲ್ಲಿ ಮುರಿದಿತ್ತು. ಮಾರ್ಕ್‌ಹ್ಯಾಮ್‌ಗೆ 12 ವರ್ಷ ಮೊದಲು. ಎರಡು ಗಣಿಗಳೂ ಒಂದೇ ಆಡಳಿತದವು, ಸರ್ಕಾರದ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಗೆ ಸೇರಿದವು. ಎಚ್ಚರಿಕೆ ಸಿಕ್ಕಿತ್ತು. ಆದರೂ 12 ವರ್ಷ ಕಳೆದ ಮೇಲೆ ಒಣಗಿದ ಬೇರಿಂಗ್ ಒಂದು ರಾಡನ್ನು ಬಗ್ಗಿಸುತ್ತಲೇ ಇತ್ತು. ಇದನ್ನು ಬರೆಯುವಾಗ ಸಿಟ್ಟು ಬರುತ್ತದೆ. ಯಾವ ಒಬ್ಬ ಮನುಷ್ಯನ ಮೇಲೂ ಅಲ್ಲ. ಒಂದು ಕಡೆ ಕಲಿತ ಪಾಠ ಇನ್ನೊಂದು ಕಡೆಯ ಸ್ಪ್ಯಾನರ್ ಹಿಡಿದ ಕೈಯವರೆಗೆ ಇಳಿಯದೆ ನಡುವಿನ ಫೈಲಿನಲ್ಲೇ ನಿಂತುಹೋಗುವುದನ್ನು ನಾನೂ ನೋಡಿದ್ದೇನೆ.

ಆಮೇಲೆ ಏನು ಬದಲಾಯಿತು

ಕಾಲ್ಡರ್ ವರದಿಯಿಂದ ಗಣಿ ಎಂಜಿನಿಯರಿಂಗಿಗೆ ಒಂದು ಮಾತು ಗಟ್ಟಿಯಾಗಿ ಸೇರಿತು: ಸಿಂಗಲ್ ಲೈನ್ ಕಾಂಪೊನೆಂಟ್. ಬಲ ಹರಿಯುವ ದಾರಿಯಲ್ಲಿ ಒಂಟಿಯಾಗಿ ನಿಂತಿರುವ ಭಾಗ, ಅದು ಹೋದರೆ ಎಲ್ಲವೂ ಹೋಗುವಂಥದ್ದು. ಜನರನ್ನು ಸಾಗಿಸುವ ವೈಂಡರಿನ ಬ್ರೇಕ್ ಅಂಥ ಒಂಟಿ ಭಾಗದ ಮೇಲೆ ನಿಲ್ಲಬಾರದು. ನಿಲ್ಲಿಸಲೇಬೇಕಾದ ಕಡೆ ಅದರ ಮೇಲೆ ಬೀಳುವ ಒತ್ತಡವನ್ನು ಲೆಕ್ಕ ಹಾಕಿ, ಹೊರತೆಗೆದು, ಒಡೆಯದೆ ಒಳಗಿನ ಬಿರುಕು ಪತ್ತೆ ಮಾಡುವ ವಿಧಾನಗಳಿಂದ ಪರೀಕ್ಷಿಸಬೇಕು. ತುರ್ತು ಹೊತ್ತಿನಲ್ಲಿ ಮೋಟಾರಿನ ತಡೆಯನ್ನು ಕಡಿದು ಹಾಕಬಾರದು, ಸಾಧ್ಯವಿದ್ದಷ್ಟು ಹೊತ್ತು ಉಳಿಸಿಕೊಳ್ಳಬೇಕು. ಶಾಫ್ಟುಗಳಲ್ಲಿ ಜನರ ಸಾಗಣೆಯ ಸುರಕ್ಷತೆಯನ್ನು ಪೂರ್ತಿ ಪರಿಶೀಲಿಸಲು ಒಂದು ರಾಷ್ಟ್ರೀಯ ಸಮಿತಿಯೇ ನೇಮಕವಾಯಿತು. ಅದರ ವರದಿಗಳು 1976 ಮತ್ತು 1980ರಲ್ಲಿ ಬಂದವು.

ಇವತ್ತಿನ ಹೊಸ ವೈಂಡರುಗಳಲ್ಲಿ ಡ್ರಮ್ಮಿಗೆ ದೊಡ್ಡ ಡಿಸ್ಕ್ ಇರುತ್ತದೆ. ಅದರ ಸುತ್ತ ಡಿಸ್ಕನ್ನು ಎರಡೂ ಬದಿಯಿಂದ ಅಮುಕಿ ಹಿಡಿಯುವ ಹಲವು ಕ್ಯಾಲಿಪರ್. ಒಂದೊಂದಕ್ಕೂ ತನ್ನದೇ ಸ್ಪ್ರಿಂಗ್. ಒಂದೆರಡು ಕೆಟ್ಟರೂ ಉಳಿದವು ಹಿಡಿಯುತ್ತವೆ. ಬೈಕ್ ಸವಾರರೂ ಗುರುತಿಸಬಲ್ಲ ಬ್ರೇಕ್ ಅದು, ಗಾತ್ರ ಮಾತ್ರ ಬೇರೆ.

ನಮ್ಮ ಕಡೆಗೆ ಬಂದರೆ

ಕರ್ನಾಟಕದಲ್ಲಿ ಕೇಜ್, ಶಾಫ್ಟ್ ಅಂದರೆ ಮೊದಲು ನೆನಪಾಗೋದು ಕೆಜಿಎಫ್. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಮಾರ್ಕ್‌ಹ್ಯಾಮ್ ಶಾಫ್ಟಿನ ಏಳೆಂಟು ಪಟ್ಟು. ತಮಿಳು, ತೆಲುಗು, ಕನ್ನಡ ಮಾತಾಡುವ ಕಾರ್ಮಿಕರು ತಲೆತಲಾಂತರ ಆ ಕೇಜುಗಳಲ್ಲಿ ಇಳಿದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಶಾಫ್ಟುಗಳ ಮೇಲಿನ ಚೌಕಟ್ಟುಗಳು ಊರಿಗೆ ದೂರದಿಂದಲೇ ಕಾಣಿಸುತ್ತಿದ್ದವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇವತ್ತಿಗೂ ಜನ ಶಾಫ್ಟ್ ಮೂಲಕ ಇಳಿದು ಚಿನ್ನದ ಅದಿರು ತೆಗೆಯುತ್ತಾರೆ. 2024ರ ಮೇ ತಿಂಗಳಲ್ಲಿ ರಾಜಸ್ಥಾನದ ಕೋಲಿಹಾನ್ ತಾಮ್ರದ ಗಣಿಯಲ್ಲಿ ಲಿಫ್ಟ್ ಕುಸಿದು 15 ಜನ ಒಳಗೆ ಸಿಕ್ಕಿಕೊಂಡರು, ಒಬ್ಬರು ತೀರಿಕೊಂಡರು. ಹಾಗಾಗಿ ಇದು ಹಳೆಯ ಕಾಲದ, ದೂರದ ದೇಶದ ಮಾತು ಅಂತ ನನಗೆ ಅನಿಸುವುದಿಲ್ಲ.

ಇಲ್ಲಿ ಒಂದು ಒಳ್ಳೆಯ ಸಂಗತಿಯನ್ನೂ ಹೇಳಬೇಕು. 1988ರಲ್ಲಿ ಕೆಜಿಎಫ್‌ನಲ್ಲೇ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಶುರುವಾಯಿತು. ಬಂಡೆಗಳ ಅಧ್ಯಯನ ಅದರ ಮುಖ್ಯ ಕೆಲಸ. ಅದರ ಜೊತೆಗೆ ಗಣಿಯ ಉಕ್ಕಿನ ಹಗ್ಗ, ಕೇಜನ್ನು ಹಗ್ಗಕ್ಕೆ ಸೇರಿಸುವ ಭಾಗಗಳು, ಇಂಥವನ್ನು ಪರೀಕ್ಷಿಸುವ ಪ್ರಯೋಗಾಲಯವೂ ಅಲ್ಲಿ ಬೆಳೆಯಿತು. ಗಣಿ ಮುಚ್ಚಿದ ಊರಿನಲ್ಲಿ ಬೇರೆ ಗಣಿಗಳ ಕಾರ್ಮಿಕರ ಜೀವ ಕಾಯುವ ಕೆಲಸ ನಡೆಯುವುದು ಸಣ್ಣ ವಿಷಯವಲ್ಲ.

ಗಣಿಯನ್ನೇ ನೋಡದವರೂ ಈ ರಾಡಿನ ನೆಂಟರನ್ನು ದಿನಾ ನೋಡುತ್ತಿರುತ್ತಾರೆ. ಸಂಡೂರಿನ ಕಡೆ ಅದಿರು ಹೊತ್ತು ಇಳಿಜಾರಿನಲ್ಲಿ ಬರುವ ಟಿಪ್ಪರ್‌ಗಳನ್ನೇ ತಗೊಳ್ಳಿ. ಹಿಂದಿನ ಚಕ್ರಗಳ ಹತ್ತಿರ ಗುಂಡಗಿನ ಡಬ್ಬಿಯಂಥ ಚೇಂಬರ್ ಇರುತ್ತದೆ. ಅದರೊಳಗೆ ಸ್ಪ್ರಿಂಗ್. ಗಾಳಿ ಹೋದರೆ ಬ್ರೇಕ್ ಹಾಕುವ ಅದೇ ಏರ್ಪಾಡು. ಆ ಬಲ ಲೈನಿಂಗಿಗೆ ಹೋಗೋದು ಸ್ಲ್ಯಾಕ್ ಅಡ್ಜಸ್ಟರ್ ಅನ್ನೋ ಸಣ್ಣ ತೋಳಿನ ಮೂಲಕ. ಅದರ ಅಡ್ಜಸ್ಟ್‌ಮೆಂಟ್ ತಪ್ಪಿದರೆ ಚೇಂಬರಿನ ರಾಡ್ ತನ್ನ ಉದ್ದಕ್ಕೆ ಪೂರ್ತಿ ಹೊರಬಂದರೂ ಲೈನಿಂಗ್ ಡ್ರಮ್ಮಿಗೆ ಸರಿಯಾಗಿ ತಾಗುವುದಿಲ್ಲ. ಸ್ಪ್ರಿಂಗ್ ತನ್ನ ಕೆಲಸ ಮಾಡಿತು, ಡ್ರೈವರೂ ಮಾಡಿದ, ಗಾಡಿ ನಿಲ್ಲಲಿಲ್ಲ. ಒಳ್ಳೆಯ ಟಿಪ್ಪರ್ ಡ್ರೈವರುಗಳು ಬೆಳಗ್ಗೆ ಗಾಡಿ ಕೆಳಗೆ ಬಗ್ಗಿ ಅದನ್ನೇ ನೋಡುತ್ತಾರೆ. ಅಂಥವರನ್ನು ಕಂಡರೆ ನನಗೆ ಗೌರವ.

ನನ್ನದೇ ಒಂದು ಅನುಭವ. ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯಲ್ಲಿ ಹಳೆಯ ಓವರ್‌ಹೆಡ್ ಕ್ರೇನಿನ ಬ್ರೇಕ್ ನೋಡಲು ಹೋಗಿದ್ದೆ. ರಿಜಿಸ್ಟರಿನಲ್ಲಿ ಎಲ್ಲ ಸರಿಯಿತ್ತು. ಪ್ರತಿ ತಿಂಗಳೂ "ಗ್ರೀಸ್ ಮಾಡಲಾಗಿದೆ" ಅಂತ ಸಹಿ. ಕ್ರೇನಿಗೆ ಹೊಸದಾಗಿ ಹಳದಿ ಪೇಂಟ್ ಹೊಡೆದಿದ್ದರು, ನೋಡಲು ಚೆಂದ ಇತ್ತು. ಮೇಲೆ ಹತ್ತಿ ಬ್ರೇಕಿನ ಲಿವರ್ ಹತ್ತಿರ ಕೂತೆ. ಕೀಲಿನ ಪಿನ್ನಿಗೆ ಗ್ರೀಸ್ ಹಾಕುವ ನಿಪ್ಪಲ್ ಹುಡುಕಿದರೆ ಕಾಣಿಸಲಿಲ್ಲ. ಬೆರಳಲ್ಲಿ ಸವರಿದಾಗ ಒಂದು ಸಣ್ಣ ಉಬ್ಬು ಸಿಕ್ಕಿತು. ನಿಪ್ಪಲ್ ಮೇಲೇ ಪೇಂಟ್ ಹೊಡೆದುಬಿಟ್ಟಿದ್ದರು. ಒಂದು ಸಲ ಅಲ್ಲ, ಕೆರೆದಾಗ ಹಳದಿಯ ಕೆಳಗೆ ಬೂದು, ಬೂದುವಿನ ಕೆಳಗೆ ಇನ್ನೊಂದು ಹಳದಿ. ಎಷ್ಟು ವರ್ಷದಿಂದ ಅದರೊಳಗೆ ಒಂದು ಹನಿ ಗ್ರೀಸ್ ಹೋಗಿರಲಿಲ್ಲವೋ.

ಜೊತೆಗಿದ್ದ ಹುಡುಗನನ್ನು ಕೇಳಿದೆ, "ಇಲ್ಲಿ ಹಾಕ್ತಿರಲಿಲ್ವಾ?" "ಇಲ್ಲೊಂದು ಇದೆ ಅಂತಾನೇ ಗೊತ್ತಿರಲಿಲ್ಲ ಸಾರ್" ಅಂದ. ಅವನು ಕಳ್ಳಾಟದವನಲ್ಲ. ಕೆಳಗಿದ್ದ ಎಲ್ಲ ನಿಪ್ಪಲ್‌ಗಳಿಗೂ ತಪ್ಪದೆ ಹಾಕುತ್ತಿದ್ದ. ಯಾವ ಯಾವ ಜಾಗಕ್ಕೆ ಅಂತ ಅವನಿಗೆ ಯಾರೂ ತೋರಿಸಿರಲಿಲ್ಲ. ರಿಜಿಸ್ಟರಿನಲ್ಲಿ "ಗ್ರೀಸ್" ಅಂತ ಒಂದು ಕಾಲಂ ಇತ್ತು, ಎಷ್ಟು ಪಾಯಿಂಟ್ ಅಂತ ಇರಲಿಲ್ಲ.

ಆ ಹೊತ್ತಿಗೆ ಮಾರ್ಕ್‌ಹ್ಯಾಮ್ ಪ್ರಕರಣ ನನಗೆ ಗೊತ್ತಿರಲಿಲ್ಲ. ಆಮೇಲೆ ಓದಿದಾಗ ಮೊದಲು ಕಣ್ಣ ಮುಂದೆ ಬಂದದ್ದು ಆ ಹಳದಿ ಉಬ್ಬು.

ಮಾರ್ಕ್‌ಹ್ಯಾಮ್ ಗಣಿ ಈಗಿಲ್ಲ. ಅಲ್ಲಿ ಕೈಗಾರಿಕಾ ಪಾರ್ಕ್ ಬಂದಿದೆ. 1973ಕ್ಕೆ ಮೊದಲೂ ಆ ಗಣಿ ಎರಡು ಸಲ ಜನರನ್ನು ಬಲಿ ತೆಗೆದುಕೊಂಡಿತ್ತು. 1937ರ ಸ್ಫೋಟದಲ್ಲಿ 9 ಜನ, 1938ರ ಸ್ಫೋಟದಲ್ಲಿ 79 ಜನ ಸತ್ತಿದ್ದರು. ಮೂರೂ ಸೇರಿದರೆ 106. ಅಷ್ಟು ಜನರ ನೆನಪಿಗೆ ಅಲ್ಲಿನ ಕಾಲುದಾರಿಯ ಉದ್ದಕ್ಕೂ 106 ಉಕ್ಕಿನ ಆಳು ಆಕೃತಿಗಳನ್ನು ನಿಲ್ಲಿಸಿದ್ದಾರೆ. ಸ್ಟೀಫನ್ ಬ್ರಾಡ್‌ಬೆಂಟ್ ಎಂಬ ಶಿಲ್ಪಿಯ ಕೆಲಸ. ಪಾಳಿ ಮುಗಿಸಿ ಒಟ್ಟಿಗೆ ಮನೆ ಕಡೆ ನಡೆಯುತ್ತಿರುವ ಹಾಗೆ ಕಾಣಿಸುತ್ತವೆ.

ಆ ಕ್ರೇನಿನ ಪಿನ್ನನ್ನು ಅವತ್ತೇ ಹೊರಗೆ ತೆಗೆಸಿದೆ. ಸುಲಭವಾಗಿ ಬರಲಿಲ್ಲ, ಸುತ್ತಿಗೆಯಲ್ಲಿ ಹೊಡೆದು ಹೊರಡಿಸಬೇಕಾಯಿತು. ಒಂದು ಬದಿ ಸವೆದು ನೀಲಿಗಟ್ಟಿತ್ತು. ಹೊಸ ಪಿನ್ ಹಾಕಿ, ನಿಪ್ಪಲ್ ಬದಲಿಸಿದೆವು. ಹುಡುಗ ಗ್ರೀಸ್ ಗನ್ ಹಿಡಿದು ಒತ್ತಿದ. ಮೂರು ಸಲ ಒತ್ತುವವರೆಗೂ ಏನೂ ಕಾಣಲಿಲ್ಲ. ನಾಲ್ಕನೇ ಸಲಕ್ಕೆ ಪಿನ್ನಿನ ಎರಡೂ ಬದಿಯಿಂದ ಗ್ರೀಸ್ ಸಣ್ಣ ಉಂಗುರದ ಹಾಗೆ ಹೊರಗೆ ಬಂತು. ಅವನು ಜೇಬಿನಿಂದ ಚೀಟಿ ತೆಗೆದು ಕ್ರೇನಿನ ಚಿತ್ರ ಬರೆದುಕೊಂಡ, ಎಲ್ಲೆಲ್ಲಿ ನಿಪ್ಪಲ್ ಇದೆ ಅಂತ ಚುಕ್ಕೆ ಇಡುತ್ತಾ ಎಣಿಸಿದ. ಒಟ್ಟು 14 ಇದ್ದವು. ಅವನಿಗೆ ಅಲ್ಲಿಯವರೆಗೆ ಗೊತ್ತಿದ್ದದ್ದು 9.